ಗುಜರಿಯಲ್ಲಿ ಮೂರು ಟೊರಾಯ್ಡ್ ಕೋರ್ ಸಿಕ್ಕಿವೆ, ಆಂಪ್ಲಿಫೈಯರ್ ಸಪ್ಲೈಗೆ ಯಾವುದನ್ನು ಸುತ್ತಲಿ?

ಕೈವಾರದ ಹುಡುಗ, ಚಿಂತಾಮಣಿ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ಸುಮ್ನೆ ಓದಿಕೊಂಡಿದ್ದೆ, ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ಎರಡು ಎಲ್‌ಎಂ3886 ಐಸಿ ಹಾಕಿ ಸ್ಟೀರಿಯೋ ಆಂಪ್ಲಿಫೈಯರ್ ಮಾಡಿದ್ದೇನೆ. ಬೋರ್ಡ್ ಚೆನ್ನಾಗಿದೆ, ಹಾಡು ಬರುತ್ತದೆ. ತಕರಾರು ಸಪ್ಲೈದು. ಈಗ ಇರುವುದು ಹಳೆಯ ಇಐ ಸ್ಟಾಂಪಿಂಗ್ (ಇಂಗ್ಲಿಷ್ ಇ, ಐ ಆಕಾರದ ತಗಡು ಜೋಡಿಸಿದ) ಟ್ರಾನ್ಸ್‌ಫಾರ್ಮರ್. ವಾಲ್ಯೂಮ್ ಸೊನ್ನೆಯಲ್ಲಿದ್ದರೂ ಎಡಗಡೆ ಸ್ಪೀಕರಿನಲ್ಲಿ ಹಮ್ ಇರುತ್ತದೆ. ಟ್ರಾನ್ಸ್‌ಫಾರ್ಮರ್ ಕೂರಿಸುವ ಜಾಗ ಬದಲಿಸಿದರೆ ಹಮ್ ಹೆಚ್ಚು ಕಡಿಮೆ ಆಗುತ್ತದೆ. ಅಂದರೆ ಅದರ ಮ್ಯಾಗ್ನೆಟಿಕ್ ಫೀಲ್ಡೇ ಬೋರ್ಡಿಗೆ ತಗಲುತ್ತಿದೆ ಅಲ್ವಾ? ಅದಕ್ಕೇ ಟೊರಾಯ್ಡ್, ಅಂದರೆ ರಿಂಗ್ ಕೋರಿನ ಟ್ರಾನ್ಸ್‌ಫಾರ್ಮರ್ ಹಾಕೋಣ ಅಂತ. 25-0-25 ವೋಲ್ಟ್ ಬೇಕು, ಅಂದರೆ ನಡುವೆ ಸೊನ್ನೆ, ಎರಡೂ ಕಡೆ 25.

ನಮ್ಮೂರ ಗುಜರಿಯಲ್ಲಿ ಮೂರು ರಿಂಗ್ ಕೋರ್ ಸಿಕ್ಕವು. ತೂಕದ ಲೆಕ್ಕದಲ್ಲಿ ಕೊಟ್ಟರು. ಮೊದಲನೆಯದು ಹೊರಗಿನ ವ್ಯಾಸ 100 ಮಿ.ಮೀ., ಒಳಗಿನದು 50, ಎತ್ತರ 30, ತೂಕ 1.3 ಕೆ.ಜಿ. ಯಾವುದೋ ಯುಪಿಎಸ್‌ನದಂತೆ. ಎರಡನೆಯದು ಹೊರಗೆ 120, ಒಳಗೆ 60, ಎತ್ತರ 40. ತೂಕ ಎರಡೂವರೆ ಕೆ.ಜಿ.ಗೆ ಒಂದು ಚೂರು ಕಡಿಮೆ. ಸುಟ್ಟ ಸರ್ವೋ ಸ್ಟೆಬಿಲೈಜರಿನ ಒಳಗಿನದು. ಮೂರನೆಯದು ಚಿಕ್ಕದು, ಕಪ್ಪಗೆ ನುಣ್ಣಗಿದೆ. 63, 38, 25. ಯಾವುದರ ಮೇಲೂ ಲೇಬಲ್ ಇಲ್ಲ, ತಾಮ್ರ ಆಗಲೇ ಬಿಚ್ಚಿಕೊಂಡಿದ್ದಾರೆ.

ಚಿಕ್ಕದು ಸಾಕಾಗುತ್ತದಾ? ಕ್ಯಾಬಿನೆಟ್‌ನಲ್ಲಿ ಜಾಗ ಕಡಿಮೆ ಇದೆ.

ವೈಂಡಿಂಗ್ ಮಾವ, ಕೋಲಾರ · ಸೋಮವಾರ ರಾತ್ರಿ 10:25

ತಮ್ಮ, ಆ ಮೂರನೆಯದನ್ನು ಮೊದಲು ಪಕ್ಕಕ್ಕಿಡು. ಅದು ಫೆರೈಟ್. ಉಗುರಿನಲ್ಲಿ ತಟ್ಟಿ ನೋಡು, ಪಿಂಗಾಣಿ ಬಟ್ಟಲಿನ ಸದ್ದು ಬರುತ್ತದೆ. ಮೇನ್ಸ್ ಕೋರ್ ಆದರೆ ತಗಡಿನ ಪಟ್ಟಿ ಸುತ್ತಿ ಸುತ್ತಿ ಮಾಡಿರುತ್ತಾರೆ, ಪಕ್ಕದಿಂದ ನೋಡಿದರೆ ಚಕ್ಕುಲಿಯ ಥರ ಪದರ ಕಾಣಬೇಕು. ಹಳದಿ ಮೈ, ಒಂದು ಮಗ್ಗುಲು ಬಿಳಿ ಇರುವ ರಿಂಗ್ ಸಿಕ್ಕರೆ ಅದೂ ಬೇಡ. ಅದು ಕಂಪ್ಯೂಟರ್ ಸಪ್ಲೈಯೊಳಗಿನ ಕಬ್ಬಿಣದ ಪುಡಿಯ ಕೋರ್.

ಯಾಕೆ ಬೇಡ ಅಂತ ಲೆಕ್ಕದಲ್ಲೇ ಹೇಳುತ್ತೇನೆ. ನಮ್ಮ ಅಂಗಡಿ ಗೋಡೆ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿರುವುದು ಇಷ್ಟೇ: 45 ಅನ್ನು ಕೋರಿನ ಅಡ್ಡಕೊಯ್ತದಿಂದ ಭಾಗಿಸು, ಬಂದದ್ದನ್ನು ಟೆಸ್ಲಾದಿಂದ (ಕೋರಿನೊಳಗೆ ಫ್ಲಕ್ಸ್, ಅಂದರೆ ಕಾಂತ ಹರಿವು, ಎಷ್ಟು ದಟ್ಟ ಅನ್ನುವ ಅಳತೆ) ಭಾಗಿಸು. ಸಿಗುವುದು ಒಂದು ವೋಲ್ಟಿಗೆ ಎಷ್ಟು ಸುತ್ತು ಅನ್ನುವುದು. ಅಡ್ಡಕೊಯ್ತ ಚದರ ಸೆಂಟಿಮೀಟರಿನಲ್ಲಿ ಇರಬೇಕು. ಆ 45 ಎಲ್ಲಿಂದ ಬಂತು ಅಂದರೆ, 4.44ನ್ನು ಮೇನ್ಸಿನ 50 ಸೈಕಲಿನಿಂದ (ಹರ್ಟ್ಜ್) ಗುಣಿಸಿದರೆ 222, ಹತ್ತು ಸಾವಿರವನ್ನು 222ರಿಂದ ಭಾಗಿಸಿದರೆ 45.

ನಿನ್ನ ಕಪ್ಪು ಕೋರಿನ ಅಡ್ಡಕೊಯ್ತ 3.1 ಚ.ಸೆಂ.ಮೀ. ಫೆರೈಟ್ 0.3 ಟೆಸ್ಲಾ ದಾಟಿದರೆ ಉಸಿರು ಕಟ್ಟುತ್ತದೆ. ಒಂದು ವೋಲ್ಟಿಗೆ 48 ಸುತ್ತು ಆಯಿತು. 230 ವೋಲ್ಟಿಗೆ 11 ಸಾವಿರ ಸುತ್ತು. ನಿನ್ನ ಮದುವೆ ಹೊತ್ತಿಗೆ ಮುಗಿದೀತು.

ಎರಡನೆಯದನ್ನು ನೋಡು. 30 ಮಿ.ಮೀ. ದಪ್ಪ, 40 ಎತ್ತರ, 12 ಚ.ಸೆಂ.ಮೀ. ಪದರಗಳ ನಡುವೆ ಸ್ವಲ್ಪ ಗಾಳಿ ಇರುತ್ತದೆ, ಅದಕ್ಕೆ ನೂರಕ್ಕೆ 5 ಕಳೆದರೆ 11.4. ಟೆಸ್ಲಾ 1.2 ಇಟ್ಟುಕೋ. ವೋಲ್ಟಿಗೆ 3.29 ಸುತ್ತು, ಪ್ರೈಮರಿ (ಮೇನ್ಸ್ ಕಡೆಯ ವೈಂಡಿಂಗ್) 757. ಮೊದಲನೆಯದಕ್ಕೆ ಅದೇ ಲೆಕ್ಕ ಹಾಕಿದರೆ 1215 ಸುತ್ತು ಬರುತ್ತದೆ, ತೂತು ಮಾತ್ರ 50 ಮಿ.ಮೀ. 22 ಗೇಜ್ ಪ್ರೈಮರಿ, 17 ಗೇಜ್ ಸೆಕೆಂಡರಿ (ಆಂಪ್ಲಿಫೈಯರ್ ಕಡೆಯದು), ನಡುವೆ ಟೇಪು, ಇಷ್ಟು ತುಂಬುವಷ್ಟರಲ್ಲಿ ತೂತೇ ಮುಚ್ಚಿಹೋಗುತ್ತದೆ, ಕಡೆಯ ಸುತ್ತು ಎಲ್ಲಿಂದ ತೂರಿಸುತ್ತೀಯ? ಎರಡನೆಯದರಲ್ಲಿ ಎಲ್ಲಾ ಸುತ್ತಿದ ಮೇಲೂ ಹೆಚ್ಚು ಕಡಿಮೆ 45 ಮಿ.ಮೀ. ಬಾಯಿ ಉಳಿಯುತ್ತದೆ. ಕೈಯಲ್ಲಿ ಸುತ್ತುವವನು ಮೊದಲು ನೋಡಬೇಕಾದ್ದು ತೂತು, ಆಮೇಲೆ ತೂಕ.

ಶ್ರುತಿಪೆಟ್ಟಿಗೆ, ತುಮಕೂರು · ಸೋಮವಾರ ರಾತ್ರಿ 11:10

ಎರಡೂವರೆ ಕೆ.ಜಿ. ಕೋರಾ? ನನ್ನ ಅನುಭವದಲ್ಲಿ ಒಳ್ಳೆಯ ಸೌಂಡ್ ಬೇಕು ಅಂದರೆ ಕಡಿಮೆ ಅಂದರೂ 1 ಕೆವಿಎ (ಸಾವಿರ ವೋಲ್ಟ್-ಆಂಪಿಯರ್, ವಿಎ) ಟೊರಾಯ್ಡ್ ಬೇಕು. ದೊಡ್ಡ ಕೋರ್ ಹಾಕಿದ ದಿನದಿಂದ ನನ್ನ ಮನೆಯಲ್ಲಿ ಮೃದಂಗದ ಎಡಗೈ ಬೇರೆಯೇ ಕೇಳುತ್ತದೆ. ಹೊಸದಾಗಿ ಮಾಡುವವರು ಇಲ್ಲಿ ಜಿಪುಣತನ ಮಾಡಬಾರದು. ಕೋರಿಗೂ ಒಂದು ದನಿ ಇರುತ್ತದೆ.

ವೈಂಡಿಂಗ್ ಮಾವ, ಕೋಲಾರ · ಸೋಮವಾರ ರಾತ್ರಿ 11:18

ಕೋರಿಗೆ ದನಿ ಇದ್ದರೆ ಅದೇ ರಿಪೇರಿ ಸಾರ್. ಅದು ಬಾಯಿ ಮುಚ್ಚಿಕೊಂಡಿರಬೇಕು.

ಎರಡು ಚಾನೆಲ್, ತಲಾ 50 ವ್ಯಾಟ್. ಐಸಿಯಲ್ಲಿ ಬಿಸಿಯಾಗಿ ಹೋಗುವುದೂ ಸೇರಿ ಡಿಸಿ ಕಡೆ 165 ವ್ಯಾಟ್ ಅನ್ನಿ. ಕೆಪಾಸಿಟರ್ ಚಾರ್ಜ್ ಆಗುವಾಗ ಕರೆಂಟ್ ಚೂಪಾಗಿ ಎಳೆಯುತ್ತದೆ, ಅದಕ್ಕೆ ಒಂದೂವರೆ ಪಟ್ಟು ಹಾಕಿದರೆ 250 ವಿಎ. ಅದೂ ಎರಡೂ ಚಾನೆಲಿನಲ್ಲಿ ಬಿಡದೆ ಪೂರ್ತಿ ಸೈನ್ ವೇವ್ ಕೂಗಿಸಿದರೆ. ಹಾಡಿಗೆ 200 ಧಾರಾಳ.

ಗೌರಿಬಿದನೂರು ಪ್ಯಾಸೆಂಜರ್ · ಮಂಗಳವಾರ ಬೆಳಿಗ್ಗೆ 7:05

ರೈಲಿನಲ್ಲಿ ಕೂತು ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ನಾನು ಬೆಂಗಳೂರಿನಲ್ಲಿ ಟ್ರಾನ್ಸ್‌ಫಾರ್ಮರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಮಾವ ಹೇಳಿದ ಲೆಕ್ಕ ಸರಿ. ಆದರೆ ಗುಜರಿ ಕೋರ್ ಅಂದಮೇಲೆ ಲೆಕ್ಕಕ್ಕೆ ಮೊದಲು ಕೋರಿನ ಆರೋಗ್ಯ ನೋಡಬೇಕು.

ಟೊರಾಯ್ಡ್ ಕೋರನ್ನು ಸಿಆರ್‌ಜಿಒ ಪಟ್ಟಿಯಿಂದ ಮಾಡುತ್ತಾರೆ. ಸಿಲಿಕಾನ್ ಸ್ಟೀಲ್. ಉರುಳೆ ಹೊಡೆಯುವಾಗಲೇ ಅದರ ಕಣಗಳನ್ನು ಒಂದೇ ದಿಕ್ಕಿಗೆ ಮಲಗಿಸಿರುತ್ತಾರೆ. ಇಐ ಸ್ಟಾಂಪಿಂಗಿನಲ್ಲಿ ಫ್ಲಕ್ಸ್ ಮೂಲೆ ತಿರುಗಬೇಕು, ಕೂಡುವ ಜಾಗದಲ್ಲಿ ಸಣ್ಣ ಸಣ್ಣ ಗಾಳಿ ಸಂದು ದಾಟಬೇಕು. ರಿಂಗಿನಲ್ಲಿ ಆ ಕಾಟ ಇಲ್ಲ, ಪಟ್ಟಿ ಹೋದ ದಾರಿಯಲ್ಲೇ ಫ್ಲಕ್ಸೂ ಹೋಗುತ್ತದೆ. ಹೊರಗೆ ಸೋರುವುದು ಕಡಿಮೆ ಆಗುವುದು ಅದಕ್ಕೇ. ಪಟ್ಟಿಯನ್ನು ಬಿಗಿಯಾಗಿ ಸುತ್ತಿದಾಗ ಉಕ್ಕಿನೊಳಗೆ ಬಿಗಿತ ಕೂರುತ್ತದೆ. ಅದನ್ನು ಬಿಡಿಸಲು ನೈಟ್ರೋಜನ್ ತುಂಬಿದ ಕುಲುಮೆಯಲ್ಲಿ 800 ಡಿಗ್ರಿ ಆಸುಪಾಸಿನಲ್ಲಿ ಬೇಯಿಸಿ ನಿಧಾನಕ್ಕೆ ಆರಿಸುತ್ತಾರೆ. ಹಾಗೆ ಬೆಂದ ಕೋರನ್ನು ಕೆಳಗೆ ಬೀಳಿಸಿದರೆ, ಸುತ್ತಿಗೆಯಲ್ಲಿ ಬಡಿದರೆ, ಬಿಗಿತ ವಾಪಸ್ ಬರುತ್ತದೆ. ಗುಜರಿಯಲ್ಲಿ ತಾಮ್ರ ಕೀಳುವಾಗ ಉಳಿ ಹಾಕಿ ಹೊಡೆದಿರುತ್ತಾರೆ, ಅಂಚಿನಲ್ಲಿ ಗಾಯ ಇದೆಯಾ ನೋಡಿ. ಪದರ ಬಿಚ್ಚಿಕೊಂಡಿದ್ದರೆ, ಒಳಗೆ ತುಕ್ಕು ಇಳಿದಿದ್ದರೆ ಬೇಡ. ಮೇಲ್ಮೈ ತುಕ್ಕು ಪರವಾಗಿಲ್ಲ.

ಇನ್ನೊಂದು ಪರೀಕ್ಷೆ. ಪಕ್ಕದಿಂದ ಸ್ಕೇಲ್ ಇಟ್ಟು 10 ಮಿ.ಮೀ.ಗೆ ಎಷ್ಟು ಪದರ ಅಂತ ಎಣಿಸಿ. 35ರ ಹತ್ತಿರ ಬಂದರೆ 0.27 ಮಿ.ಮೀ. ಪಟ್ಟಿ, ಒಳ್ಳೆಯದು. 19-20 ಬಂದರೆ ಅರ್ಧ ಮಿ.ಮೀ. ತಗಡು, ಬಹುಶಃ ಮೋಟಾರಿಗೆ ಹಾಕುವ ಜಾತಿ. ಅದಕ್ಕೆ 1.2 ಟೆಸ್ಲಾ ಕೂಡ ಜಾಸ್ತಿ.

ಅಂಗಡಿಯ ಟೊರಾಯ್ಡನ್ನು 230 ವೋಲ್ಟಿಗೆ 1.6 ಟೆಸ್ಲಾ ಹತ್ತಿರ ಸುತ್ತುತ್ತಾರೆ. ತಾಮ್ರ, ಉಕ್ಕು ಎರಡೂ ಉಳಿಯುತ್ತದೆ, ವಿಎ ಜಾಸ್ತಿ ಬರೆಯಬಹುದು. ಸಿಆರ್‌ಜಿಒ 2 ಟೆಸ್ಲಾ ಹತ್ತಿರ ಪೂರ್ತಿ ತುಂಬಿಕೊಳ್ಳುತ್ತದೆ (ಸ್ಯಾಚುರೇಶನ್), ಅದಕ್ಕೂ ಮೊದಲೇ ಗುಂಯ್‌ಗುಡಲು ಶುರುಮಾಡುತ್ತದೆ. ನಿಮ್ಮ ಮನೆಯಲ್ಲಿ ಲೈನ್ ವೋಲ್ಟೇಜ್ ಎಷ್ಟಿರುತ್ತದೆ? 230 ಅಂತ ಪುಸ್ತಕದಲ್ಲಿರುವುದನ್ನು ಹೇಳಬೇಡಿ. ಒಂದು ವಾರ ಅಳೆಯಿರಿ, ರಾತ್ರಿಯೂ ಸೇರಿ.

ಎಂಟು ಓಮ್, ಶಿರಾ · ಮಂಗಳವಾರ ಮಧ್ಯಾಹ್ನ 1:30

ಫಾಲೋ ಮಾಡುತ್ತಿದ್ದೇನೆ. ನನಗೂ ಇದೇ ಬೇಕಿತ್ತು.

ಕೈವಾರದ ಹುಡುಗ, ಚಿಂತಾಮಣಿ · ಮುಂದಿನ ಮಂಗಳವಾರ ರಾತ್ರಿ 8:15

ಅಕ್ಕ, ವಾರ ಪೂರ್ತಿ ಅಳೆದೆ. ಅಮ್ಮನಿಗೆ ನನ್ನ ತಲೆ ಕೆಟ್ಟಿದೆ ಅನ್ನಿಸಿರಬೇಕು, ಬೆಳಗಿನ ಜಾವ 4 ಗಂಟೆಗೆ ಎದ್ದು ಮೀಟರ್ ಹಿಡಿದು ಕೂತಿರುತ್ತಿದ್ದೆ.

ಸಂಜೆ 7ಕ್ಕೆ 198. ರಾತ್ರಿ 11ಕ್ಕೆ 236. ಬೆಳಗಿನ ಜಾವ 4ಕ್ಕೆ 255. ನಮ್ಮ ಮನೆ ಊರಾಚೆ ಇದೆ, ಸುತ್ತ ತೋಟ. ತ್ರೀ ಫೇಸ್ ಬಂದು ಬೋರ್‌ವೆಲ್‌ಗಳು ಓಡುವಾಗ 205ಕ್ಕೆ ಇಳಿಯುತ್ತದೆ. ಅವು ನಿಂತ ಕೂಡಲೇ ಮೇಲೆ ಜಿಗಿಯುತ್ತದೆ.

10 ಮಿ.ಮೀ.ಗೆ ಪದರ ಎಣಿಸಿದೆ. ಎರಡನೇ ಕೋರಿನಲ್ಲಿ ಒಂದು ಸಲ 34, ಒಂದು ಸಲ 36. ಸೂಜಿ ಮೊನೆ ಇಟ್ಟು ಎಣಿಸಿದರೂ ಕಣ್ಣು ತಪ್ಪುತ್ತದೆ. ಅಂಚಿನಲ್ಲಿ ಒಂದೇ ಕಡೆ ಸಣ್ಣ ಗಾಯ ಇದೆ, ಬೆರಳಿಗೆ ತಗಲುತ್ತದೆ.

ವೈಂಡಿಂಗ್ ಮಾವ, ಕೋಲಾರ · ಮುಂದಿನ ಮಂಗಳವಾರ ರಾತ್ರಿ 9:00

ಆ ಗಾಯವನ್ನು ನಯವಾದ ಅರದಲ್ಲಿ ಮೆಲ್ಲಗೆ ಉಜ್ಜು. ಹಾಗೇ ಬಿಟ್ಟರೆ ವೈರಿನ ಇನಾಮೆಲ್ ಕೊಯ್ಯುತ್ತದೆ. ಆದರೆ ಜಾಸ್ತಿ ಉಜ್ಜಿದರೆ ಪದರಕ್ಕೆ ಪದರ ಅಂಟಿಕೊಂಡು ಶಾರ್ಟ್ ಆಗುತ್ತವೆ, ಹುಷಾರು.

255 ಅಂದೆಯಲ್ಲ, ಅದೇ ನಿನ್ನ ಡಿಸೈನ್ ವೋಲ್ಟೇಜ್. 230ಕ್ಕೆ 1.2 ಟೆಸ್ಲಾ ಇಟ್ಟರೆ 255ಕ್ಕೆ 1.33 ಆಗುತ್ತದೆ, ಕೋರ್ ತಣ್ಣಗೆ ಕೂತಿರುತ್ತದೆ. ರೆಡಿಮೇಡ್ 1.6ರದ್ದು ತಂದಿದ್ದರೆ 1.77ಕ್ಕೆ ಹೋಗಿ, ನೀನು ಹೆಡ್‌ಫೋನ್ ಹಾಕಿ ಕೂರುವ ಅದೇ ಹೊತ್ತಿಗೆ ಗೊರಕೆ ಹೊಡೆಯುತ್ತಿತ್ತು. ವಿಎ ನಂಬರ್ ನೋಡಿ ಕೋರ್ ತರುವವರಿಗೆಲ್ಲ ನಾನು ಹೇಳುವುದು ಇದೇ. ನಿನ್ನ ಲೈನಿನ ಅತಿ ಕೆಟ್ಟ ರಾತ್ರಿಗೆ ಕೋರ್ ಆರಿಸು.

ಐಸಿ ಕಡೆಯೂ ನೋಡು. 25 ವೋಲ್ಟಿನ ಸೆಕೆಂಡರಿ 255ರ ಲೈನಿನಲ್ಲಿ, ಲೋಡ್ ಇಲ್ಲದಾಗ 29 ಆಗುತ್ತದೆ. ರೆಕ್ಟಿಫೈ ಆಗಿ ಡಿಸಿ ಆದರೆ ಪ್ಲಸ್ ಮೈನಸ್ 40. ಎಲ್‌ಎಂ3886 ಸಿಗ್ನಲ್ ಇರುವಾಗ ಒಟ್ಟು 84 ವೋಲ್ಟ್ ತಡೆಯುತ್ತದೆ. ನಿನಗೆ 80, ಬಚಾವ್. ಯಾರಾದರೂ 28-0-28 ಹಾಕು ಅಂದರೆ ಕೇಳಬೇಡ, 90ರ ಹತ್ತಿರ ಹೋಗುತ್ತದೆ.

ಹಳೇ ಶಾಫ್ಟ್, ಕೆಜಿಎಫ್ · ಮುಂದಿನ ಬುಧವಾರ ಬೆಳಿಗ್ಗೆ 10:20

ಮಾವ, ನಿಮ್ಮ ಆ 45ರ ಲೆಕ್ಕ ನಮ್ಮೂರಿನಲ್ಲಿ ಒಂದು ಕಾಲಕ್ಕೆ ಕೆಲಸಕ್ಕೆ ಬರುತ್ತಿರಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟ್ ಬಂತಲ್ಲ, ಸುಮಾರು 147 ಕಿ.ಮೀ. ದೂರದಿಂದ, ಅದು 25 ಸೈಕಲ್. ಅಂದರೆ 45ರ ಜಾಗದಲ್ಲಿ 90. ಈ ಹುಡುಗನ ಕೋರಿಗೇ 1514 ಸುತ್ತು ಬೇಕಾಗುತ್ತಿತ್ತು. ಇಲ್ಲವೇ ಎರಡರಷ್ಟು ಉಕ್ಕು. ಆ ಕಾಲದ ಟ್ರಾನ್ಸ್‌ಫಾರ್ಮರ್‌ಗಳು ಆನೆಮರಿ ಗಾತ್ರ ಇರುತ್ತಿದ್ದದ್ದು ಸುಮ್ನೆ ಅಲ್ಲ.

ಹಳೇ ಕತೆ ಯಾಕೆ ಅಂದರೆ ಇದೇ ತಪ್ಪು ಈಗಲೂ ನಡೆಯುತ್ತದೆ. ಗುಜರಿಯಲ್ಲಿ ಅಮೆರಿಕದ ಮೆಷಿನ್ನುಗಳಿಂದ ಕಿತ್ತ ಟೊರಾಯ್ಡ್ ಸುತ್ತಿದ ಹಾಗೇ ಸಿಗುತ್ತವೆ. ಅವು 60 ಸೈಕಲ್‌ದು. ಎರಡು 115 ವೋಲ್ಟ್ ಪ್ರೈಮರಿ ಸೀರೀಸ್ ಹಾಕಿ 230 ಕೊಟ್ಟರೆ ನಡೆಯುತ್ತದೆ ಅಂದುಕೊಳ್ಳುತ್ತೇವೆ. 50 ಸೈಕಲ್‌ನಲ್ಲಿ ಫ್ಲಕ್ಸ್ ನೂರಕ್ಕೆ 20 ಏರುತ್ತದೆ. 1.5ರದ್ದು 1.8 ಆಯಿತು. ಮೇಲೆ ನಿಮ್ಮ 255 ಬೇರೆ. ನಾನು ಹಾಗೆ ಒಂದನ್ನು ಹಾಕಿ, ಲೋಡ್ ಇಲ್ಲದೆಯೇ ಮುಟ್ಟಲಾಗದಷ್ಟು ಬಿಸಿ ಮಾಡಿಕೊಂಡಿದ್ದೇನೆ.

ಕೈವಾರದ ಹುಡುಗ, ಚಿಂತಾಮಣಿ · ಮುಂದಿನ ಗುರುವಾರ ರಾತ್ರಿ 10:05

ಕೋರನ್ನು ಪರೀಕ್ಷೆ ಮಾಡದೆ 750 ಸುತ್ತು ಸುತ್ತಲು ಧೈರ್ಯ ಬರಲಿಲ್ಲ. ಹಳೆಯ 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ತಗೊಂಡು, ಕೋರಿನ ಮೇಲೆ ಕಾಟನ್ ಟೇಪ್ ಸುತ್ತಿ, ಸುಮ್ನೆ ಹುಕ್ಅಪ್ ವೈರಿನಲ್ಲಿ 40 ಸುತ್ತು ಹಾಕಿದೆ. ಲೆಕ್ಕದ ಪ್ರಕಾರ 1.2 ಟೆಸ್ಲಾ. ಕರೆಂಟ್ 0.14 ಆಂಪಿಯರ್. 32 ಸುತ್ತಿಗೆ ಇಳಿಸಿದೆ, ಅಂದರೆ 1.5ರ ಹತ್ತಿರ. 0.22. ಆಮೇಲೆ 26 ಸುತ್ತು. 1.8 ಟೆಸ್ಲಾ. ಒಂದೇ ಸಲ 1.6 ಆಂಪಿಯರ್! 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ರೇ ನರಳಲು ಶುರುಮಾಡಿತು, ಆಫ್ ಮಾಡಿಬಿಟ್ಟೆ.

ಸ್ಯಾಚುರೇಶನ್ ಅಂತ ಓದಿದ್ದೆ, ಕಣ್ಣಾರೆ ಇವತ್ತು ನೋಡಿದೆ. ಆರು ಸುತ್ತಿನ ವ್ಯತ್ಯಾಸಕ್ಕೆ ಕರೆಂಟ್ ಏಳು ಪಟ್ಟು.

ಗೌರಿಬಿದನೂರು ಪ್ಯಾಸೆಂಜರ್ · ಮುಂದಿನ ಶುಕ್ರವಾರ ಬೆಳಿಗ್ಗೆ 7:10

ತುಂಬಾ ಚೆನ್ನಾಗಿ ಮಾಡಿದ್ದೀರಿ. ಕೋರ್ ಆರೋಗ್ಯವಾಗಿದೆ, ಸುತ್ತಿ.

ಕೋರಿನ ಮೂಲೆಗಳಿಗೆ ಮೊದಲು ಲೆದರಾಯ್ಡ್ ಪೇಪರಿನ (ದಪ್ಪ ಇನ್ಸುಲೇಶನ್ ಕಾಗದ) ಬಳೆ ಕತ್ತರಿಸಿ ಮೇಲೆ ಕೆಳಗೆ ಕೂರಿಸಿ, ಆಮೇಲೆ ಮೈಲಾರ್ (ಪ್ಲಾಸ್ಟಿಕ್) ಟೇಪ್. ಪ್ರೈಮರಿ ಮುಗಿದ ಮೇಲೆ, ಸೆಕೆಂಡರಿಗೆ ಮೊದಲು, ಕಡಿಮೆ ಅಂದರೂ ಮೂರು ಪದರ ಮೈಲಾರ್ ಇರಲೇಬೇಕು. ತೂತಿನ ಒಳಭಾಗದಲ್ಲಿ ಟೇಪ್ ಒಂದರ ಮೇಲೊಂದು ಕೂತು ದಪ್ಪ ಕಾಣುತ್ತದೆ, ಹೊರಭಾಗದಲ್ಲಿ ತೆಳ್ಳಗಾಗಿರುತ್ತದೆ. ಮೋಸ ಹೋಗುವುದು ಅಲ್ಲೇ. ಹೊರಭಾಗ ನೋಡಿ ಎಣಿಸಿ. ಹೊರಗೆ ಬರುವ ವೈರಿಗೆಲ್ಲ ಎಂಪೈರ್ ಸ್ಲೀವ್ (ಇನ್ಸುಲೇಶನ್ ಕೊಳವೆ) ಹಾಕಿ. ಮುಗಿದ ಮೇಲೆ ಯಾವುದಾದರೂ ಮೋಟಾರ್ ರೀವೈಂಡಿಂಗ್ ಅಂಗಡಿಯಲ್ಲಿ ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಾಕಿಸಿ. ಅದಾಗದೆ ಮೇನ್ಸಿಗೆ ಕೊಡಬೇಡಿ.

ಸೆಕೆಂಡರಿಯ ಎರಡು ವೈರನ್ನೂ ಜೋಡಿಯಾಗಿ ಒಟ್ಟಿಗೆ ಸುತ್ತಿ. ಎರಡೂ ಅರ್ಧ ಸಮ ಬರುತ್ತವೆ. ಯಾವ ಸುತ್ತೂ ಒಂದೇ ಕಡೆ ಗುಂಪಾಗದೆ ರಿಂಗಿನ ಸುತ್ತಳತೆ ಪೂರ್ತಿ ಹರಡಬೇಕು. ಅರ್ಧದಲ್ಲಿ ನಿಲ್ಲಿಸಿದರೆ ಟೊರಾಯ್ಡ್ ಕೂಡ ಫೀಲ್ಡ್ ಸೋರುತ್ತದೆ.

ಕೈವಾರದ ಹುಡುಗ, ಚಿಂತಾಮಣಿ · ಎರಡು ವಾರ ಬಿಟ್ಟು, ಭಾನುವಾರ ಸಂಜೆ 6:30

ಮುಗಿಯಿತು! ಬೆರಳು ತೋರಿಸುವ ಹಾಗಿಲ್ಲ.

120 ಮೀಟರ್ ವೈರನ್ನು ಸುಮ್ನೆ ತೂರಿಸಲು ಆಗುವುದಿಲ್ಲ ಅಂತ ಹತ್ತೇ ಸುತ್ತಿಗೆ ಗೊತ್ತಾಯಿತು. ಪಕ್ಕದ ಮನೆಯ ತಾತ ನೇಯ್ಗೆ ಮಾಡುತ್ತಿದ್ದವರು. ಅವರೇ ಹೇಳಿದರು, ಲಾಳಿ ಮಾಡಿಕೋ ಅಂತ. ಒಂದು ಅಡಿ ಉದ್ದದ ತೆಳುವಾದ ಮರದ ಪಟ್ಟಿ, ಎರಡೂ ತುದಿಯಲ್ಲಿ ಇಂಗ್ಲಿಷ್ ವಿ ಆಕಾರದ ಕಚ್ಚು, ಮರಳುಕಾಗದದಲ್ಲಿ ಉಜ್ಜಿ ನುಣುಪು ಮಾಡಿದ್ದು. ಅದಕ್ಕೆ ವೈರ್ ತುಂಬಿಕೊಂಡು ತೂತಿನಲ್ಲಿ ಒಳಗೆ ಹೊರಗೆ. ಮೂರು ಸಲ ತುಂಬಬೇಕಾಯಿತು, ಎರಡು ಜಾಯಿಂಟ್ ಬಂತು. ಬೆಸುಗೆ ಹಾಕಿ ಸ್ಲೀವ್ ಹಾಕಿದ್ದೇನೆ.

ಎಣಿಸಲು ಹುಣಸೆ ಬೀಜ. 50 ಸುತ್ತಿಗೆ ಒಂದು ಬೀಜ ಬಟ್ಟಲಿಗೆ. ಎರಡನೇ ದಿನ ಸಂಜೆ ನೋಡಿದರೆ ತಂಗಿ ಬಟ್ಟಲು ಖಾಲಿ ಮಾಡಿ ಅದರಲ್ಲಿ ಮಿಕ್ಸ್ಚರ್ ತಿನ್ನುತ್ತಿದ್ದಾಳೆ! ಬೀಜ ಹತ್ತಿತ್ತೋ ಹನ್ನೊಂದೋ ಅಂತ ನೆನಪಿಂದ ಬರೆದುಕೊಂಡು ಮುಂದುವರಿಸಿದೆ.

ಪ್ರೈಮರಿ ಆದಮೇಲೆ ಬೇರೆ ವೈರಿನಲ್ಲಿ 10 ಸುತ್ತು ಹಾಕಿ, 60 ವ್ಯಾಟಿನ ಸೀರೀಸ್ ಬಲ್ಬ್ ಮೂಲಕ ಮೇನ್ಸ್ ಕೊಟ್ಟೆ. ಬಲ್ಬ್ ಕೆಂಪಗೂ ಆಗಲಿಲ್ಲ. ಪ್ರೈಮರಿ ಮೇಲೆ 235, ಹತ್ತು ಸುತ್ತಿನಲ್ಲಿ 3.16. ತಿರುಗಿಸಿ ಲೆಕ್ಕ ಹಾಕಿದರೆ ನನ್ನ ಪ್ರೈಮರಿ 744 ಸುತ್ತು. ಹದಿಮೂರು ಸುತ್ತು ಮಿಕ್ಸ್ಚರ್ ಜೊತೆ ಹೋಗಿವೆ. ಬಿಚ್ಚಬೇಕಾ?

ವೈಂಡಿಂಗ್ ಮಾವ, ಕೋಲಾರ · ಭಾನುವಾರ ಸಂಜೆ 6:50

ಬೇಡ. 1.2 ಇದ್ದದ್ದು 1.22 ಆಯಿತು, ಅಷ್ಟೇ. ಸೆಕೆಂಡರಿಗೆ ಜೋಡಿ ವೈರಿನಲ್ಲಿ 84 ಸುತ್ತು ಹಾಕು. ಲೋಡಿನಲ್ಲಿ ಇಳಿಯುವ ನೂರಕ್ಕೆ 4 ಸೇರಿಸಿಯೇ ಹೇಳಿದ್ದೇನೆ. ಲೋಡ್ ಇಲ್ಲದಾಗಿನ ಖಾಲಿ ಕರೆಂಟ್ ಎಷ್ಟಿದೆ?

ಕೈವಾರದ ಹುಡುಗ, ಚಿಂತಾಮಣಿ · ಭಾನುವಾರ ಸಂಜೆ 7:15

18 ಮಿಲಿ ಆಂಪಿಯರ್. ಕಿವಿ ಹತ್ತಿರ ತಂದರೂ ಸದ್ದಿಲ್ಲ. ಆನ್ ಆಗಿದೆಯಾ ಅಂತ ಮೀಟರ್ ನೋಡಿಯೇ ತಿಳಿಯಬೇಕು.

ಹಳೇ ಶಾಫ್ಟ್, ಕೆಜಿಎಫ್ · ಭಾನುವಾರ ರಾತ್ರಿ 9:30

ಅಭಿನಂದನೆ ತಮ್ಮ. ಕ್ಯಾಬಿನೆಟ್‌ಗೆ ಕೂರಿಸುವ ಮುಂಚೆ ನನ್ನ ಕತೆ ಕೇಳಿಬಿಡು.

ನಾಲ್ಕು ವರ್ಷದ ಹಿಂದೆ ನಾನೂ ಹೀಗೇ ಒಂದು ಟೊರಾಯ್ಡ್ ಕೂರಿಸಿದೆ. ನಡುವೆ ಬೋಲ್ಟ್, ಮೇಲೊಂದು ಬಟ್ಟಲಿನಂಥ ವಾಷರ್, ರಬ್ಬರ್ ಪ್ಯಾಡ್. ಎರಡು ದಿನ ಮುಚ್ಚಳ ತೆಗೆದಿಟ್ಟು ಹಾಡು ಕೇಳಿದೆ. ಮೂರನೇ ದಿನ ನೆಂಟರು ಬಂದಿದ್ದರು, ಚಂದ ಕಾಣಲಿ ಅಂತ ಮುಚ್ಚಳ ಹಾಕಿ ಸ್ಕ್ರೂ ಬಿಗಿದೆ. ಸ್ವಿಚ್ ಹಾಕಿದ್ದೇ ತಡ, ಗುಂಯ್ ಅಂತು, ಫ್ಯೂಸ್ ಹೋಯಿತು. ಫ್ಯೂಸ್ ಬದಲಿಸಲು ಮುಚ್ಚಳ ತೆಗೆದೆ, ಆನ್ ಮಾಡಿದೆ, ಸರಿಯಾಗಿದೆ. ಮುಚ್ಚಳ ಹಾಕಿದೆ, ಮತ್ತೆ ಢಮಾರ್. ಮೂರು ಫ್ಯೂಸ್ ಹೋದಮೇಲೆ ಬೋಲ್ಟಿನ ತಲೆಯ ಮೇಲೆ ಕಪ್ಪು ಕಲೆ ಕಾಣಿಸಿತು. ಮುಚ್ಚಳದ ಒಳಗೂ ಅದೇ ಜಾಗದಲ್ಲಿ ಚುಕ್ಕೆ.

ಬೋಲ್ಟ್ 5 ಮಿ.ಮೀ. ಉದ್ದ ಜಾಸ್ತಿ ಇತ್ತು. ಅದರ ತುದಿ ಮುಚ್ಚಳಕ್ಕೆ ತಾಗಿದರೆ, ಬೋಲ್ಟ್, ಮುಚ್ಚಳ, ಪಕ್ಕದ ತಗಡು, ತಳ, ಮತ್ತೆ ಬೋಲ್ಟ್. ಕೋರಿನ ಸುತ್ತ ಒಂದು ಪೂರ್ತಿ ಸುತ್ತು ಆಯಿತಲ್ಲ! ಆ ಸುತ್ತಿನಲ್ಲಿ ಇರುವುದು ನಿನ್ನ ಲೆಕ್ಕದಲ್ಲಿ 0.31 ವೋಲ್ಟ್. ಆದರೆ ದಪ್ಪ ಕಬ್ಬಿಣದ ರೆಸಿಸ್ಟನ್ಸ್ ಎಷ್ಟಿರುತ್ತದೆ? ನೂರು ಆಂಪಿಯರ್ ದಾಟಿ ಹರಿಯುತ್ತದೆ. ಬೋಲ್ಟಿನ ಒಂದೇ ತುದಿ ಕ್ಯಾಬಿನೆಟ್ ಮುಟ್ಟಬೇಕು.

ಕೈವಾರದ ಹುಡುಗ, ಚಿಂತಾಮಣಿ · ಬುಧವಾರ ರಾತ್ರಿ 9:10

ಬೋಲ್ಟ್ ಕತ್ತರಿಸಿದೆ, ಮೇಲೆ 15 ಮಿ.ಮೀ. ಸಂದು ಬಿಟ್ಟಿದ್ದೇನೆ. ಮೆಗ್ಗರ್ ಪಾಸ್. ಸ್ಪೀಕರಿನ ಹಮ್ ಪೂರ್ತಿ ಹೋಯಿತು.

ಆದರೆ ಆನ್ ಮಾಡುವಾಗ ಐದು ಸಲಕ್ಕೆ ಒಂದು ಸಲ ಟ್ಯೂಬ್‌ಲೈಟ್ ಮಿಣುಕುತ್ತದೆ, ಎರಡು ಸಲ ಫ್ಯೂಸ್ ಹೋಯಿತು. ಉಳಿದ ಸಲ ಏನೂ ಇಲ್ಲ. ಏನು ಲಾಟರಿ ಇದು?

ವೈಂಡಿಂಗ್ ಮಾವ, ಕೋಲಾರ · ಬುಧವಾರ ರಾತ್ರಿ 9:45

ಲಾಟರಿಯೇ. ಸ್ವಿಚ್ ಹಾಕುವ ಗಳಿಗೆಗೆ ಎಸಿ ಅಲೆ ಸೊನ್ನೆಯಲ್ಲಿದ್ದರೆ ಕೋರ್ ಸ್ಯಾಚುರೇಟ್ ಆಗಿ ಗಬಕ್ಕನೆ ಎಳೆಯುತ್ತದೆ, ತುದಿಯಲ್ಲಿದ್ದರೆ ಸುಮ್ಮನಿರುತ್ತದೆ. ಸಂದಿಲ್ಲದ ರಿಂಗ್ ಕೋರಿಗೆ ಈ ಚಾಳಿ ಜಾಸ್ತಿ. ಪ್ರೈಮರಿಗೆ ಸೀರೀಸಿನಲ್ಲಿ 33 ಓಮ್ 20 ವ್ಯಾಟ್ ವೈರ್‌ವೌಂಡ್ ಹಾಕು, ಒಂದು ಸೆಕೆಂಡ್ ಆದಮೇಲೆ ರಿಲೇ ಅದನ್ನು ಶಾರ್ಟ್ ಮಾಡಲಿ. ಏಟು 10-11 ಆಂಪಿಯರಿಗೆ ನಿಲ್ಲುತ್ತದೆ. ಫ್ಯೂಸ್ ಸ್ಲೋ ಬ್ಲೋ ಹಾಕು, 2 ಆಂಪಿಯರ್. ಫ್ಯೂಸ್ ಹೋಗುತ್ತದೆ ಅಂತ ತಾಮ್ರದ ಎಳೆ ಕಟ್ಟುವ ಬುದ್ಧಿ ಮಾಡಬೇಡ.

ಕೈವಾರದ ಹುಡುಗ, ಚಿಂತಾಮಣಿ · ಎರಡು ವಾರ ಬಿಟ್ಟು, ಶನಿವಾರ ಬೆಳಿಗ್ಗೆ 8:40

ಮಾವ ಹೇಳಿದ ಸಾಫ್ಟ್ ಸ್ಟಾರ್ಟ್ (ಆ 33 ಓಮ್, ರಿಲೇ) ಹಾಕಿದೆ, ಫ್ಯೂಸ್ ಹೋಗುವುದು ನಿಂತಿತು. ಈಗ ಹೊಸ ವಿಚಿತ್ರ.

ದಿನಾ ಬೆಳಿಗ್ಗೆ 8 ಗಂಟೆ ಸುಮಾರಿಗೆ ಟ್ರಾನ್ಸ್‌ಫಾರ್ಮರ್ ಸದ್ದು ಮಾಡುತ್ತದೆ. ಸ್ಪೀಕರಿನಲ್ಲಿ ಅಲ್ಲ, ಟ್ರಾನ್ಸ್‌ಫಾರ್ಮರ್ ಮೈಯಿಂದಲೇ ಝುಂಯ್ ಅಂತ. ಐದಾರು ನಿಮಿಷ. ಆಮೇಲೆ ತಾನೇ ನಿಲ್ಲುತ್ತದೆ. ಆ ಹೊತ್ತಿಗೆ ಲೈನ್ 226, ಜಾಸ್ತಿ ಏನಲ್ಲ. ರಾತ್ರಿ 255 ಇರುವಾಗ ಸದ್ದೇ ಇಲ್ಲ!

ಶ್ರುತಿಪೆಟ್ಟಿಗೆ, ತುಮಕೂರು · ಶನಿವಾರ ಬೆಳಿಗ್ಗೆ 9:30

ವಾರ್ನಿಷ್ ಹಾಕಿಲ್ಲ ಅನಿಸುತ್ತದೆ. ಸುತ್ತು ಸಡಿಲ ಇದೆ.

ಗೌರಿಬಿದನೂರು ಪ್ಯಾಸೆಂಜರ್ · ಶನಿವಾರ ಬೆಳಿಗ್ಗೆ 11:00

ಸಡಿಲ ಇದ್ದರೆ ದಿನವಿಡೀ ಸದ್ದು ಬರಬೇಕು ಸಾರ್. ಗಡಿಯಾರ ನೋಡಿಕೊಂಡು ಬರುವ ಸದ್ದು ಮನೆಯೊಳಗಿನದು. 8 ಗಂಟೆಗೆ ನಿಮ್ಮ ಮನೆಯಲ್ಲಿ ಯಾರು ಏನು ಆನ್ ಮಾಡುತ್ತಾರೆ? ಹೇರ್ ಡ್ರೈಯರ್ ಇದೆಯಾ?

ಕೈವಾರದ ಹುಡುಗ, ಚಿಂತಾಮಣಿ · ಶನಿವಾರ ಬೆಳಿಗ್ಗೆ 11:25

ಅಕ್ಕ!! ತಂಗಿ ಕಾಲೇಜಿಗೆ ಹೊರಡುವ ಹೊತ್ತು ಅದು. ಈಗಲೇ ಹಾಕಿಸಿ ನೋಡಿದೆ. ಡ್ರೈಯರ್ ಒಂದನೇ ಸ್ಪೀಡಿನಲ್ಲಿ ಝುಂಯ್. ಎರಡನೇ ಸ್ಪೀಡಿಗೆ ಹಾಕಿದರೆ ಸದ್ದು ನಿಂತೇಹೋಗುತ್ತದೆ! ಲೋಡ್ ಜಾಸ್ತಿ ಆದಾಗ ಹೇಗೆ ನಿಲ್ಲುತ್ತದೆ?

ಗೌರಿಬಿದನೂರು ಪ್ಯಾಸೆಂಜರ್ · ಶನಿವಾರ ಮಧ್ಯಾಹ್ನ 12:10

ಕಡಿಮೆ ಸ್ಪೀಡಿನಲ್ಲಿ ಆ ಡ್ರೈಯರ್ ಒಂದು ಡಯೋಡ್ ಮೂಲಕ ಓಡುತ್ತದೆ. ಅಲೆಯ ಅರ್ಧ ಮಾತ್ರ ಎಳೆಯುತ್ತದೆ. 1000 ವ್ಯಾಟಿನದಾದರೆ ಸರಾಸರಿ 2 ಆಂಪಿಯರ್ ಒಂದೇ ದಿಕ್ಕಿಗೆ ಹರಿಯುತ್ತದೆ, ಅಂದರೆ ಡಿಸಿ. ಕಂಬದಿಂದ ನಿಮ್ಮ ಮನೆವರೆಗಿನ ವೈರ್ ಅರ್ಧ ಓಮ್ ಇದ್ದರೂ ಲೈನ್ ಮೇಲೆ 1 ವೋಲ್ಟ್ ಡಿಸಿ ಕೂರುತ್ತದೆ. ಊರಾಚೆ ಮನೆ ಅಂದಿರಿ, ಇನ್ನೂ ಜಾಸ್ತಿ ಇರಬಹುದು. ನಿಮ್ಮ ಪ್ರೈಮರಿಯ ರೆಸಿಸ್ಟನ್ಸ್ 5 ಓಮ್ ಚಿಲ್ಲರೆ. 1 ವೋಲ್ಟಿಗೆ 190 ಮಿಲಿ ಆಂಪಿಯರ್ ಡಿಸಿ. ನಿಮ್ಮ ಕೋರಿಗೆ ಬೇಕಾದದ್ದು 18. ಹತ್ತು ಪಟ್ಟು ಒಂದೇ ಕಡೆಗೆ ತಳ್ಳಿದರೆ ಕೋರ್ ಒಂದು ಮಗ್ಗುಲಿಗೆ ವಾಲಿ ಸ್ಯಾಚುರೇಟ್ ಆಗುತ್ತದೆ. ಹಳೆಯ ಇಐಯಲ್ಲಿ ಆ ಸಣ್ಣ ಗಾಳಿ ಸಂದುಗಳು ಇದನ್ನು ತಡೆದುಕೊಳ್ಳುತ್ತಿದ್ದವು. ಒಳ್ಳೆಯ ಕೋರಿಗೆ ಇರುವ ಕೊರತೆ ಇದೊಂದೇ. ಎರಡನೇ ಸ್ಪೀಡಿನಲ್ಲಿ ಪೂರ್ತಿ ಅಲೆ, ಡಿಸಿ ಇಲ್ಲ.

ಪರಿಹಾರ ಡಿಸಿ ಬ್ಲಾಕರ್. 10,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಎರಡು, ಮೈನಸ್‌ಗೆ ಮೈನಸ್ ಸೇರಿಸಿ ಸೀರೀಸ್. ಅವುಗಳ ಎರಡು ತುದಿಗೆ 35 ಆಂಪಿಯರಿನ ಬ್ರಿಡ್ಜ್ ರೆಕ್ಟಿಫೈಯರಿನ ಎರಡು ಎಸಿ ಕಾಲು. ಬ್ರಿಡ್ಜಿನ ಪ್ಲಸ್ ಮೈನಸ್ ಒಂದಕ್ಕೊಂದು ಶಾರ್ಟ್. ಇಡೀ ಗುಂಪು ಪ್ರೈಮರಿಗೆ ಸೀರೀಸಿನಲ್ಲಿ. ಮಾಮೂಲಿ ಹೊತ್ತಿನಲ್ಲಿ ಕೆಪಾಸಿಟರ್ ಮೇಲೆ ಒಂದು ವೋಲ್ಟೂ ಬೀಳುವುದಿಲ್ಲ, ಆನ್ ಮಾಡುವ ಏಟನ್ನು ಡಯೋಡ್‌ಗಳು ಹೊರುತ್ತವೆ. ಇದೆಲ್ಲ ಫೇಸ್ ಮೇಲೆಯೇ ಕೂತಿರುತ್ತದೆ. 16 ವೋಲ್ಟ್ ಕೆಪಾಸಿಟರ್ ಅಂತ ಮೈಮರೆತು ಕೈ ಇಡಬೇಡಿ.

ಕೈವಾರದ ಹುಡುಗ, ಚಿಂತಾಮಣಿ · ಮುಂದಿನ ಭಾನುವಾರ ರಾತ್ರಿ 8:00

ಹಾಕಿದೆ, ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿ. ತಂಗಿ ಇವತ್ತು ಒಂದನೇ ಸ್ಪೀಡಿನಲ್ಲೇ ಕೂದಲು ಒಣಗಿಸಿಕೊಂಡಳು, ಟ್ರಾನ್ಸ್‌ಫಾರ್ಮರ್ ಕಮಕ್ ಕಿಮಕ್ ಅನ್ನಲಿಲ್ಲ. ಬ್ಲಾಕರ್ ಹಾಕುವವರೆಗೆ ಎರಡನೇ ಸ್ಪೀಡ್ ಹಾಕು ಅಂದದ್ದಕ್ಕೆ, ನೀನೇ ಎಂಟು ಗಂಟೆಗೆ ಹಾಡು ಆಫ್ ಮಾಡು ಅಂದಿದ್ದಳು.

ಮೊದಲನೇ ಕೋರ್ ಹಾಗೇ ಇದೆ, 100-50-30ರದ್ದು. 10 ಮಿ.ಮೀ.ಗೆ 35 ಪದರ, ಗಾಯ ಇಲ್ಲ. ಒಂದೇ ಚಾನೆಲಿಗೆ, ತೆಳ್ಳಗಿನ ವೈರಿಗೆ ಸಾಕು. ಗುಜರಿಯಲ್ಲಿ ಕೊಟ್ಟ ದುಡ್ಡು ಕೊಟ್ಟರೆ ಸಾಕು, ಚಿಂತಾಮಣಿ ಬಸ್ ಸ್ಟ್ಯಾಂಡಿಗೆ ತಂದುಕೊಡುತ್ತೇನೆ. ಫೆರೈಟ್ ಬಿಟ್ಟಿ.

ಎಂಟು ಓಮ್, ಶಿರಾ · ಮುಂದಿನ ಭಾನುವಾರ ರಾತ್ರಿ 8:04

ನನಗೆ ಇಡಿ ಅಣ್ಣ, ಬರುವ ಭಾನುವಾರ ಬರುತ್ತೇನೆ. ಆ ಒಳವ್ಯಾಸ 50 ಅಂದದ್ದು ಹಳೇ ಟೇಪ್ ಸೇರಿಸಿಯೋ, ಬಿಟ್ಟೋ?

ಕೈವಾರದ ಹುಡುಗ, ಚಿಂತಾಮಣಿ · ಮುಂದಿನ ಭಾನುವಾರ ರಾತ್ರಿ 8:11

ಬಿಟ್ಟು. ಲಾಳಿಯೂ ತರುತ್ತೇನೆ, ಆದರೆ ಅದು ವಾಪಸ್ ಬೇಕು, ತಾತ ಕೇಳುತ್ತಿದ್ದಾರೆ.